ಸಹಿ ಅವರದು, ಮಾತು ಯಾರದು? ಪೈಲಟ್ ಅರ್ಜಿಗೆ ಶಿಫಾರಸು ಪತ್ರ ಸಿದ್ಧಪಡಿಸುವ ಸೇವೆಯೊಂದರ ವಿಮರ್ಶೆ

ಅಮೆರಿಕದ ಪ್ರಾದೇಶಿಕ ವಿಮಾನಯಾನ ಸಂಸ್ಥೆಯೊಂದರಲ್ಲಿ ನಾನು 76 ಸೀಟುಗಳ ಎಂಬ್ರೇಯರ್ 175 ವಿಮಾನದ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕುವ ಹೊತ್ತು ಬಂದಾಗ, ಪೈಲಟ್‌ಗಳ ಅರ್ಜಿಯನ್ನು ಪರಿಶೀಲಿಸಿ ತಿದ್ದಿಕೊಡುವ, ಜೊತೆಗೆ ಶಿಫಾರಸು ಪತ್ರಗಳನ್ನೂ ಸಿದ್ಧಪಡಿಸಿಕೊಡುವ ಸಲಹಾ ಸೇವೆಯೊಂದಕ್ಕೆ ಹಣ ಕಟ್ಟಿದೆ. ಅದರ ಒಂದು ಭಾಗ ನನಗೆ ಬಹಳ ಉಪಕಾರ ಮಾಡಿತು. ಇನ್ನೊಂದು ಭಾಗ, ಅಂದರೆ ಪತ್ರಗಳ ಭಾಗ, ನನಗೆ ನಷ್ಟವನ್ನೇ ಉಂಟುಮಾಡುವುದರಲ್ಲಿತ್ತು. ಇಂಥ ಸೇವೆಗಳನ್ನು ಈಚೆಗೆ ಹಲವರು ನಡೆಸುತ್ತಿದ್ದಾರೆ ಮತ್ತು ಅವುಗಳ ಪದ್ಧತಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ. ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬುದನ್ನು ಮಾತ್ರ ಬರೆಯುತ್ತೇನೆ.

ಹಣ ಕೊಟ್ಟು ಪತ್ರ ಬರೆಸುವ ಮಟ್ಟಕ್ಕೆ ಜನ ಏಕೆ ಹೋಗುತ್ತಾರೆ ಎಂಬುದನ್ನು ಈ ವೃತ್ತಿಯ ಹೊರಗಿರುವವರಿಗೆ ಮೊದಲು ತಿಳಿಸಬೇಕು. ಇಲ್ಲಿನ ದೊಡ್ಡ ವಿಮಾನಯಾನ ಸಂಸ್ಥೆಗಳಲ್ಲಿ ಪೈಲಟ್‌ನ ಬದುಕೆಲ್ಲ ಸೀನಿಯಾರಿಟಿ ಸಂಖ್ಯೆಯ ಮೇಲೆ ನಿಂತಿರುತ್ತದೆ. ಯಾವ ಊರಿನಲ್ಲಿ ಬೇಸ್, ಯಾವ ವಿಮಾನ, ಹಬ್ಬದ ದಿನ ಮನೆಯಲ್ಲೋ ಹೋಟೆಲಿನಲ್ಲೋ, ಕ್ಯಾಪ್ಟನ್ ಆಗುವ ಸರದಿ ಯಾವಾಗ, ಸಿಬ್ಬಂದಿ ಕಡಿತವಾದರೆ ಮೊದಲು ಹೊರಗೆ ಹೋಗುವವರು ಯಾರು ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡುವುದು ಸೇರಿದ ದಿನಾಂಕವೇ. 2007ರ ಡಿಸೆಂಬರಿನಲ್ಲಿ ನಿವೃತ್ತಿಯ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದ್ದರೂ ಆ ಗಡಿ ಗಡಿಯೇ. ಒಂದು ವರ್ಷ ತಡವಾಗಿ ಸೇರಿದವರು ಆ ಒಂದು ವರ್ಷವನ್ನು ವೃತ್ತಿಜೀವನದ ಕೊನೆಯ, ಅತಿ ಹೆಚ್ಚು ಸಂಬಳದ ತುದಿಯಲ್ಲಿ ಕಳೆದುಕೊಳ್ಳುತ್ತಾರೆ. ಹೀಗಿರುವಾಗ ಸಾವಿರಾರು ಅರ್ಜಿಗಳ ನಡುವೆ ನಮ್ಮ ಅರ್ಜಿಯನ್ನು ಒಬ್ಬರು ಕೈಗೆತ್ತಿಕೊಂಡು ಓದಲಿ ಎಂಬ ಆತುರ ಸಹಜವಾದದ್ದು. ಆ ಆತುರವೇ ಇಂಥ ಸೇವೆಗಳ ಬಂಡವಾಳ ಎಂದು ನಾನು ದೂರುತ್ತಿಲ್ಲ. ಆತುರದಲ್ಲಿ ನಾನೂ ಸರಿಯಾಗಿ ವಿಚಾರಿಸದೆ ಎರಡೂ ಭಾಗಗಳಿಗೆ ಹಣ ಕಟ್ಟಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಪತ್ರಗಳ ಭಾಗ ನಡೆಯುವುದು ಹೀಗೆ. ನಮಗೆ ಒಂದು ದೊಡ್ಡ ಪ್ರಶ್ನಾವಳಿ ಬರುತ್ತದೆ. ಒಟ್ಟು ಹಾರಾಟದ ಗಂಟೆಗಳು, ಲೈಸೆನ್ಸ್‌ಗಳು, ಯಾವ ವಿಮಾನ, ಎಷ್ಟು ವರ್ಷ, ಶಿಫಾರಸು ಮಾಡುವವರಿಗೂ ನಮಗೂ ಇರುವ ಸಂಬಂಧ, ಅವರು ನಮ್ಮಲ್ಲಿ ಮೆಚ್ಚಬಹುದಾದ ಐದು ಗುಣಗಳು, ಇವನ್ನೆಲ್ಲ ನಾವೇ ತುಂಬಿ ಕಳಿಸಬೇಕು. ವಾರದೊಳಗೆ ಒಂದೊಂದು ಪುಟದ ಮೂರು ಪತ್ರಗಳು ಸಿದ್ಧವಾಗಿ ಬರುತ್ತವೆ. ನಾವು ಅವನ್ನು ಶಿಫಾರಸು ಮಾಡುವವರಿಗೆ ಕಳಿಸಿ ಸಹಿ ಹಾಕಿಸಿಕೊಳ್ಳಬೇಕು. ಅವರಿಗೆ ಬರೆಯುವ ಶ್ರಮ ತಪ್ಪಿತು, ನಮಗೆ ಕಾಯುವ ಶ್ರಮ ತಪ್ಪಿತು ಎಂಬುದು ಸೇವೆಯವರ ಮಾತು.

ಮೊದಲ ಓದಿಗೆ ಪತ್ರಗಳು ಚೆನ್ನಾಗಿಯೇ ಇದ್ದವು. ಇಂಗ್ಲಿಷ್ ಶುದ್ಧವಾಗಿತ್ತು, ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಆದರೆ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸು ಅಳುಕಿತು. ಮೂರೂ ಒಂದೇ ಬಗೆಯ ಸಂತೋಷದಿಂದ ಆರಂಭವಾಗುತ್ತಿದ್ದವು. ಮೂರರಲ್ಲೂ ಎರಡನೆಯ ಪ್ಯಾರಾದಲ್ಲಿ ನನ್ನ ಒಟ್ಟು ಗಂಟೆಗಳು, ಮೂರನೆಯದರಲ್ಲಿ ವೃತ್ತಿಪರತೆ, ನಾಯಕತ್ವ, ಸಕಾರಾತ್ಮಕ ಮನೋಭಾವ ಎಂಬ ಗುಣಗಳು ಸಾಲಾಗಿ ನಿಂತಿದ್ದವು. ಅರಿಜೋನಾದ ಬಿಸಿಲಿನಲ್ಲಿ ನಾನು ವಿದ್ಯಾರ್ಥಿಗಳಿಗೆ ಹಾರಾಟ ಕಲಿಸುತ್ತಿದ್ದಾಗ ನೋಡಿದ ಮುಖ್ಯ ತರಬೇತುದಾರರು, ಈಗಿನ ಸಂಸ್ಥೆಯಲ್ಲಿ ನನ್ನ ಮೊದಲ ಹಾರಾಟಗಳನ್ನು ಪಕ್ಕದಲ್ಲಿ ಕುಳಿತು ಪರೀಕ್ಷಿಸಿದ ಚೆಕ್ ಏರ್‌ಮ್ಯಾನ್, ಎರಡು ಚಳಿಗಾಲ ನನ್ನೊಡನೆ ಹಾರಿದ ಕ್ಯಾಪ್ಟನ್, ಈ ಮೂವರೂ ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ಸ್ಥಿತಿಯಲ್ಲಿ ನನ್ನನ್ನು ಕಂಡವರು. ಆ ಪತ್ರಗಳಲ್ಲಿ ಮೂವರೂ ಒಬ್ಬರೇ ಆಗಿಹೋಗಿದ್ದರು. ನೇಮಕಾತಿ ವಿಭಾಗದಲ್ಲಿ ಈ ಮೂರನ್ನೂ ಓದುವವರು ಒಬ್ಬರೇ ಎಂಬುದನ್ನು ಸೇವೆಯವರು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ.

ಕ್ಯಾಪ್ಟನ್ ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಕೋಪ ಮಾಡಿಕೊಳ್ಳಲೂ ಇಲ್ಲ. ಇದರಲ್ಲಿ ಇರುವುದೆಲ್ಲ ಒಳ್ಳೆಯ ಮಾತೇ, ಆದರೆ ಒಂದೂ ತನ್ನ ಮಾತಲ್ಲ ಎಂದರು. ಸಂದರ್ಶನ ಮಾಡುವವರು ಯಾರಾದರೂ ಫೋನ್ ಮಾಡಿ ಈ ನಾಯಕತ್ವಕ್ಕೆ ಒಂದು ಉದಾಹರಣೆ ಕೊಡಿ ಎಂದು ಕೇಳಿದರೆ ತಾನು ಏನು ಹೇಳಬೇಕು ಎಂದು ಕೇಳಿದರು. ನಾಲ್ಕು ದಿನ ಬಿಟ್ಟು ತಾವೇ ಬರೆದ ಪತ್ರವನ್ನು ಕಳಿಸಿದರು. ಅದು ಒಂದು ಪುಟವೂ ಇರಲಿಲ್ಲ. ಅದರ ಹೆಚ್ಚಿನ ಭಾಗ ಮಿನಿಯಾಪೊಲಿಸ್‌ನ ಒಂದು ರಾತ್ರಿಯ ಬಗ್ಗೆ ಇತ್ತು. ಆ ರಾತ್ರಿಯನ್ನು ನಾನು ಮರೆತೇಬಿಟ್ಟಿದ್ದೆ.

ಅಂದು ಹಿಮ ಬೀಳುತ್ತಿತ್ತು. ನಮ್ಮ ವಿಮಾನದ ರೆಕ್ಕೆಗಳ ಮೇಲಿನ ಹಿಮವನ್ನು ಕಿತ್ತಳೆ ಬಣ್ಣದ ಮೊದಲ ಬಗೆಯ ದ್ರವದಿಂದ ತೊಳೆದು, ಮತ್ತೆ ಹಿಮ ಕೂರದಂತೆ ಹಸಿರು ಬಣ್ಣದ ಮಂದವಾದ ನಾಲ್ಕನೆಯ ಬಗೆಯ ದ್ರವವನ್ನು ಹಚ್ಚಿದ್ದರು. ಈ ರಕ್ಷಣೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕೆ ತಾಪಮಾನ ಮತ್ತು ಹಿಮದ ತೀವ್ರತೆಗೆ ತಕ್ಕಂತೆ ಕೋಷ್ಟಕವಿದೆ. ಅದನ್ನು ನಾವು ಹೋಲ್ಡೋವರ್ ಟೈಮ್ ಎನ್ನುತ್ತೇವೆ. ಅವಧಿ ಮೀರಿದರೆ, ಹೊರಡುವುದಕ್ಕೆ ಮುಂಚಿನ ಐದು ನಿಮಿಷದೊಳಗೆ ರೆಕ್ಕೆಗಳು ಶುಭ್ರವಾಗಿವೆ ಎಂದು ಪರಿಶೀಲಿಸಿ ಖಚಿತಪಡಿಸಿಕೊಳ್ಳಬೇಕು, ಇಲ್ಲವೇ ಮರಳಿ ಹೋಗಿ ಮತ್ತೆ ದ್ರವ ಹಾಕಿಸಿಕೊಳ್ಳಬೇಕು. ರನ್‌ವೇಯ ಸಾಲಿನಲ್ಲಿ ನಮ್ಮ ಮುಂದೆ ಎರಡೇ ವಿಮಾನಗಳಿದ್ದವು, ಆದರೆ ಹಿಮ ಜೋರಾಗಿತ್ತು. ಕ್ಯಾಪ್ಟನ್ ಬರೆದದ್ದರ ಸಾರ ಇಷ್ಟು: ನಾನು ಬಾಯಿ ತೆರೆಯುವ ಮುಂಚೆಯೇ ಈ ಫಸ್ಟ್ ಆಫೀಸರ್, ಹಿಮದ ತೀವ್ರತೆ ಈಗ ಕೋಷ್ಟಕದ ಬೇರೆ ಸಾಲಿಗೆ ಬಂದಿದೆ, ನಮ್ಮ ಅವಧಿ ಮುಗಿದಿದೆ, ಮರಳಿ ಹೋಗೋಣ ಎಂದು ಹೇಳಿದರು, ಹಾಗೆ ಹೇಳಿದ ಮೇಲೆ ಪ್ರಯಾಣಿಕರಿಗೆ ಘೋಷಣೆ, ನೆಲದಿಂದ ಹಾರಾಟದ ಯೋಜನೆ ನೋಡಿಕೊಳ್ಳುವ ಡಿಸ್ಪ್ಯಾಚರ್‌ಗೆ ಸಂದೇಶ, ಇಂಧನದ ಮರುಲೆಕ್ಕ ಎಲ್ಲವನ್ನೂ ನಾನು ಕೇಳದೆಯೇ ಹಂಚಿಕೊಂಡು ಮಾಡಿದರು, ನಾವು ತಡವಾಗಿ ಹೊರಟೆವು, ಇವರೊಡನೆ ಮತ್ತೆ ಹಾರಲು ನನಗೆ ಸಂತೋಷ. ಅಷ್ಟೇ. ಗಂಟೆಗಳ ಲೆಕ್ಕವಾಗಲಿ ಗುಣಗಳ ಪಟ್ಟಿಯಾಗಲಿ ಅದರಲ್ಲಿರಲಿಲ್ಲ.

ಈ ಒಂದು ಪ್ರಸಂಗ ಐದು ವಿಶೇಷಣಗಳಿಗಿಂತ ಏಕೆ ತೂಕದ್ದು ಎಂಬುದು ವಿಮಾನಯಾನದ ಚರಿತ್ರೆ ಬಲ್ಲವರಿಗೆ ಗೊತ್ತಿರುತ್ತದೆ. 1978ರ ಡಿಸೆಂಬರ್ 28ರಂದು ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ ಡಿಸಿ-8 ವಿಮಾನವೊಂದು, ಚಕ್ರಗಳ ತೊಂದರೆಯನ್ನು ಪರಿಶೀಲಿಸುತ್ತ ಸುತ್ತು ಹಾಕುತ್ತಿರುವಾಗಲೇ ಇಂಧನ ಮುಗಿದು ಕೆಳಗೆ ಬಿತ್ತು. ಹತ್ತು ಜನ ತೀರಿಕೊಂಡರು. ಇಂಧನ ಕಡಿಮೆಯಾಗುತ್ತಿರುವುದು ಕಾಕ್‌ಪಿಟ್‌ನ ಉಳಿದವರಿಗೆ ಗೊತ್ತಿದ್ದರೂ ಅವರು ಹೇಳಿದ ರೀತಿ ಕ್ಯಾಪ್ಟನ್ ಅವರ ಗಮನವನ್ನು ಅತ್ತ ತಿರುಗಿಸುವಷ್ಟು ಗಟ್ಟಿಯಾಗಿರಲಿಲ್ಲ. ಅದರ ಬಳಿಕವೇ, 1981ರಲ್ಲಿ, ಯುನೈಟೆಡ್ ಸಂಸ್ಥೆ ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಾತಾಡುವುದನ್ನೂ ಕೇಳಿಸಿಕೊಳ್ಳುವುದನ್ನೂ ಕಲಿಸುವ ತರಬೇತಿಯನ್ನು ಆರಂಭಿಸಿತು. ಇಂದು ಅದನ್ನು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಜಗತ್ತಿನ ಪೈಲಟ್‌ಗಳೆಲ್ಲ ಕಲಿಯುತ್ತಾರೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಏರ್ ಫ್ಲೋರಿಡಾದ 737 ವಿಮಾನ ಹಿಮ ಹೊತ್ತುಕೊಂಡೇ ಏರಿ ಪೊಟೊಮ್ಯಾಕ್ ನದಿಯ ಸೇತುವೆಗೆ ಅಪ್ಪಳಿಸಿದಾಗ, ವಿಮಾನದಲ್ಲಿದ್ದ 74 ಜನ ಮತ್ತು ಸೇತುವೆಯ ಮೇಲಿದ್ದ 4 ಜನ ಸತ್ತರು. ಆ ವಿಮಾನದ ಫಸ್ಟ್ ಆಫೀಸರ್ ಎಂಜಿನ್ ಸೂಚಕಗಳ ಬಗ್ಗೆ ರನ್‌ವೇಯ ಮೇಲೆಯೇ ಅನುಮಾನ ತೋರಿಸಿದ್ದರು, ಆದರೂ ಹಾರಾಟ ನಿಲ್ಲಲಿಲ್ಲ. ನೇಮಕ ಮಾಡುವವರು ಪತ್ರದಲ್ಲಿ ಹುಡುಕುವುದು ಈ ವಿಷಯವನ್ನೇ: ಈ ವ್ಯಕ್ತಿ ಪಕ್ಕದ ಸೀಟಿನಲ್ಲಿ ಕುಳಿತಾಗ ಸರಿಯಾದ ಹೊತ್ತಿಗೆ ಬಾಯಿ ತೆರೆಯುತ್ತಾರೆಯೇ, ತೆರೆದ ಮೇಲೆ ಕೆಲಸ ಹಂಚಿಕೊಳ್ಳುತ್ತಾರೆಯೇ. ಇದು ಹಾರಾಟದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್‌ನಲ್ಲಿ ಸಿಗುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಗೊತ್ತಿರುವ ವಿಷಯ ಇದು. ಪ್ರಶ್ನಾವಳಿ ತುಂಬಿಸಿಕೊಂಡು ದೂರದಲ್ಲಿ ಕುಳಿತು ಬರೆಯುವವರಿಗೆ ಇದು ಹೇಗೆ ದಕ್ಕೀತು?

ಇನ್ನು ಗಂಟೆಗಳ ವಿಷಯ. ಸೇವೆಯವರ ಪತ್ರಗಳಲ್ಲಿ ಅರ್ಧ ಜಾಗ ತಿಂದಿದ್ದ ಅಂಕಿಗಳು ಅಲ್ಲಿ ಇರಬೇಕಾದ ಅಗತ್ಯವೇ ಇಲ್ಲ. 2009ರ ಫೆಬ್ರವರಿಯಲ್ಲಿ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಬಳಿಕ ಅಮೆರಿಕದಲ್ಲಿ ಎರಡು ದೊಡ್ಡ ಬದಲಾವಣೆಗಳಾದವು. ವಿಮಾನಯಾನ ಸಂಸ್ಥೆಯಲ್ಲಿ ಫಸ್ಟ್ ಆಫೀಸರ್ ಆಗುವುದಕ್ಕೂ ಸಾಮಾನ್ಯವಾಗಿ 1500 ಗಂಟೆಗಳ ಹಾರಾಟ ಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂತು. ಸೇನೆಯಿಂದ ಬಂದವರಿಗೂ ಮಾನ್ಯತೆ ಪಡೆದ ವಿಮಾನಯಾನ ಪದವಿ ಓದಿದವರಿಗೂ ಮಾತ್ರ ಕೆಲವು ರಿಯಾಯಿತಿಗಳಿವೆ. ಆ ವಿಮಾನದ ಕ್ಯಾಪ್ಟನ್ ಹಿಂದೆ ಕೆಲವು ಪರೀಕ್ಷೆಗಳಲ್ಲಿ ಅನುತ್ತೀರ್ಣರಾಗಿದ್ದದ್ದು ಸಂಸ್ಥೆಗೆ ಪೂರ್ತಿಯಾಗಿ ತಿಳಿದಿರಲಿಲ್ಲವಾದ್ದರಿಂದ, ಪೈಲಟ್‌ಗಳ ದಾಖಲೆಗಳೆಲ್ಲ ಒಂದೇ ಕಡೆ ಸಿಗುವ ಪೈಲಟ್ ರೆಕಾರ್ಡ್ಸ್ ಡೇಟಾಬೇಸ್ ಎಂಬ ಸರ್ಕಾರಿ ವ್ಯವಸ್ಥೆಯನ್ನು ಕಾನೂನು ಕಡ್ಡಾಯ ಮಾಡಿತು. ಅದರ ಅಂತಿಮ ನಿಯಮ 2021ರಲ್ಲಿ ಬಂತು. ಆದ್ದರಿಂದ ನನ್ನ ಲೈಸೆನ್ಸ್, ತರಬೇತಿಯ ಫಲಿತಾಂಶ, ಹಿಂದಿನ ಸಂಸ್ಥೆಗಳ ದಾಖಲೆ ಎಲ್ಲವನ್ನೂ ಹೊಸ ಸಂಸ್ಥೆ ತಾನೇ ತೆಗೆದು ನೋಡುತ್ತದೆ. ಗಂಟೆಗಳನ್ನು ಅರ್ಜಿಯಲ್ಲಿ ನಾನೇ ಕೊಟ್ಟಿರುತ್ತೇನೆ. ಅವನ್ನೇ ಮತ್ತೊಬ್ಬರ ಸಹಿಯ ಕೆಳಗೆ ಹೇಳಿಸುವುದು ಓದುವವರ ಸಮಯ ಹಾಳುಮಾಡುವುದಷ್ಟೇ.

ದಾಖಲೆಯ ಮಾತು ಬಂದದ್ದರಿಂದ ನನ್ನದೇ ಒಂದು ಸಂಗತಿ ಹೇಳಬೇಕು. ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಲು ಹಾರಿ ತೋರಿಸಬೇಕಾದ ಪರೀಕ್ಷೆಯಲ್ಲಿ, ಅಂದರೆ ಚೆಕ್‌ರೈಡ್‌ನಲ್ಲಿ, ನಾನು ಮೊದಲ ಬಾರಿ ಅನುತ್ತೀರ್ಣ. ಅದನ್ನು ಅರ್ಜಿಯಲ್ಲಿ ಹೇಳಲೇಬೇಕು, ಹೇಳಿದ್ದೇನೆ. ಪತ್ರದಲ್ಲಿ ಆ ವಿಷಯ ಎತ್ತುವುದು ಬೇಡ, ಪತ್ರದಲ್ಲಿ ಒಳ್ಳೆಯದು ಮಾತ್ರ ಇರಲಿ ಎಂದು ಸೇವೆಯವರು ಸಲಹೆ ಕೊಟ್ಟರು. ನನ್ನ ಹಳೆಯ ಮುಖ್ಯ ತರಬೇತುದಾರರು ಇದನ್ನು ಒಪ್ಪಲಿಲ್ಲ. ಅವರು ತಮ್ಮ ಪತ್ರದಲ್ಲಿ, ಆ ದಿನ ಎಲ್ಲಿ ತಪ್ಪಾಯಿತು, ಮರುದಿನ ಬೆಳಿಗ್ಗೆ ನಾನು ಬಂದು ಯಾವ ಪಾಠವನ್ನು ಮತ್ತೆ ಹೇಗೆ ಕಲಿತೆ, ಮುಂದೆ ನನ್ನ ವಿದ್ಯಾರ್ಥಿಗಳಿಗೆ ಅದೇ ಪಾಠವನ್ನು ಎಷ್ಟು ಎಚ್ಚರದಿಂದ ಕಲಿಸಿದೆ ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದರು. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಹೇಗಿದ್ದರೂ ದಾಖಲೆಯಲ್ಲಿ ಕಾಣುವ ಸೋಲನ್ನು, ಅದನ್ನು ಹತ್ತಿರದಿಂದ ಕಂಡವರು ತಾವಾಗಿ ಎತ್ತಿ ವಿವರಿಸಿದರೆ ಓದುವವರ ಅನುಮಾನ ಅಲ್ಲಿಗೇ ತೀರುತ್ತದೆ. ಇದನ್ನು ನಾನು ಸೇವೆಯವರಿಂದಲೇ ಕಲಿಯಬೇಕಿತ್ತು, ಏಕೆಂದರೆ ಅವರು ಹಣ ತೆಗೆದುಕೊಳ್ಳುವುದು ಇಂಥ ತಿಳಿವಳಿಕೆಗಾಗಿಯೇ.

ಚೆಕ್ ಏರ್‌ಮ್ಯಾನ್ ಅವರಿಗೆ ಸಮಯವಿರಲಿಲ್ಲ. ಅವರು ಸಿದ್ಧ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಮೂರರಲ್ಲಿ ಅದೇ ದುರ್ಬಲವಾದದ್ದು. ನನ್ನನ್ನು ವಿಧಿಪೂರ್ವಕವಾಗಿ ಪರೀಕ್ಷಿಸಿದವರು ಅವರು, ಅವರ ಒಂದು ಸ್ವಂತ ವಾಕ್ಯಕ್ಕೆ ಬಹಳ ಬೆಲೆ ಇರುತ್ತಿತ್ತು. ಆ ಅವಕಾಶ ಹೋಯಿತು.

ನಮ್ಮ ಕಡೆಯಿಂದ ಬಂದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಶಿಫಾರಸು ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ಶಾಸಕರ ಲೆಟರ್‌ಹೆಡ್, ಪರಿಚಯದವರ ಫೋನು, ವಶೀಲಿ. ದಾವಣಗೆರೆಯಲ್ಲಿ ಬೆಳೆದ ನನಗೆ, ಯಾರ ಮುಂದೆಯೂ ಕೈ ಚಾಚದೆ ಓದಿ ಮುಂದೆ ಬಾ ಎಂದು ಅಪ್ಪ ಹೇಳುತ್ತಿದ್ದದ್ದು ತಲೆಯಲ್ಲಿ ಉಳಿದುಬಿಟ್ಟಿತ್ತು. ಹಾಗಾಗಿ ಕ್ಯಾಪ್ಟನ್ ಒಬ್ಬರನ್ನು ಪತ್ರ ಕೊಡಿ ಎಂದು ಕೇಳುವುದು ಭಿಕ್ಷೆಯಂತೆ ತೋರುತ್ತಿತ್ತು. ಸಿದ್ಧ ಪತ್ರ ಮುಂದಿಟ್ಟು ಸಹಿ ಕೇಳಿದರೆ ಅವರಿಗೆ ಹೊರೆಯಾಗುವುದಿಲ್ಲ ಎಂಬ ಯೋಚನೆಯೂ ನಾನು ಈ ಸೇವೆಯ ಕಡೆಗೆ ಹೋಗಲು ಕಾರಣವಾಗಿತ್ತು. ಈಗ ನನಗೆ ಅನ್ನಿಸುವುದೆಂದರೆ, ಈ ಪತ್ರಕ್ಕೆ ಕನ್ನಡದಲ್ಲಿ ಸರಿಯಾದ ಹೆಸರು ಸಾಕ್ಷಿ. ವಶೀಲಿಯ ಪತ್ರದಲ್ಲಿ ಬರೆದವರ ಹುದ್ದೆ ದೊಡ್ಡದಾಗಿದ್ದರೆ ಸಾಕು, ಅವರು ನಮ್ಮನ್ನು ನೋಡಿರಬೇಕೆಂದೇನೂ ಇಲ್ಲ. ಸಾಕ್ಷಿಗೆ ಹುದ್ದೆ ಮುಖ್ಯವಲ್ಲ, ಅವರು ಆ ಹೊತ್ತಿನಲ್ಲಿ ಅಲ್ಲಿ ಇದ್ದಿರಬೇಕು. ಉದ್ಯೋಗ ಮೇಳದಲ್ಲಿ ಐದು ನಿಮಿಷ ಮಾತಾಡಿಸಿದ ದೊಡ್ಡ ಅಧಿಕಾರಿಯ ಪತ್ರಕ್ಕಿಂತ, ನಮ್ಮೊಡನೆ ಹಾರಿ ಆಮೇಲೆ ಆ ಸಂಸ್ಥೆಗೆ ಸೇರಿಕೊಂಡ ಹಳೆಯ ಸಹೋದ್ಯೋಗಿಯ ಪತ್ರ ಹೆಚ್ಚು ಗಟ್ಟಿ ಎಂದು ನಾನು ಮಾತಾಡಿಸಿದ ಅನುಭವಿಗಳೆಲ್ಲ ಹೇಳಿದ್ದು ಇದೇ ಕಾರಣಕ್ಕೆ.

ಸೇವೆಯ ಒಳ್ಳೆಯ ಭಾಗವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅರ್ಜಿ ಪರಿಶೀಲನೆಗೆ ಅವರು ನೇಮಿಸಿದ್ದವರು ಸ್ವತಃ ನಿವೃತ್ತ ಪೈಲಟ್. ವಿಡಿಯೊ ಕರೆಯಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ನನ್ನ ಅರ್ಜಿಯ ಒಂದೊಂದು ಸಾಲನ್ನೂ ಓದಿಸಿದರು. ಇಲ್ಲಿನ ಅರ್ಜಿಗಳಲ್ಲಿ ಗಂಟೆಗಳನ್ನು ಒಟ್ಟಾಗಿ ಬರೆದರೆ ಸಾಲದು. ರಾತ್ರಿಯದೆಷ್ಟು, ಬಹು ಎಂಜಿನ್ ವಿಮಾನದ್ದೆಷ್ಟು, ಟರ್ಬೈನ್ ವಿಮಾನದ್ದೆಷ್ಟು, ವಿಮಾನದ ಹೊಣೆ ಹೊತ್ತ ಪೈಲಟ್ ಇನ್ ಕಮಾಂಡ್ ಆಗಿ ಎಷ್ಟು ಎಂದು ಬಿಡಿಸಿ ಕೊಡಬೇಕು. ನನ್ನ ಕಾಗದದ ಲಾಗ್‌ಬುಕ್‌ನಿಂದ ಎಲೆಕ್ಟ್ರಾನಿಕ್ ಲಾಗ್‌ಬುಕ್‌ಗೆ ಬದಲಾದ ತಿಂಗಳಲ್ಲಿ ರಾತ್ರಿ ಹಾರಾಟದ ಒಂದು ಪುಟ ಎರಡು ಸಲ ಸೇರಿಹೋಗಿತ್ತು. ಅದನ್ನು ಅವರು ಕಂಡುಹಿಡಿದರು. ವಾಸದ ವಿಳಾಸಗಳ ಪಟ್ಟಿಯಲ್ಲಿ ಎರಡು ತಿಂಗಳ ಖಾಲಿ ಜಾಗವಿತ್ತು, ಅದನ್ನೂ ತೋರಿಸಿದರು. ಸಂದರ್ಶನದ ಮೇಜಿನ ಮೇಲೆ ಲಾಗ್‌ಬುಕ್ಕೂ ಅರ್ಜಿಯೂ ಹೊಂದದೆ ಹೋಗಿದ್ದರೆ ಎಂಥ ಪತ್ರವಿದ್ದೂ ಪ್ರಯೋಜನವಾಗುತ್ತಿರಲಿಲ್ಲ. ಈ ಭಾಗಕ್ಕೆ ಕೊಟ್ಟ ಹಣ ಸಂಪೂರ್ಣ ಸಾರ್ಥಕ. ಪತ್ರಗಳ ಬಗ್ಗೆಯೂ ಇದೇ ಹಿರಿಯರು ಹೇಳಿದ ಸಣ್ಣ ಮಾತುಗಳು ಉಪಯೋಗಕ್ಕೆ ಬಂದವು: ದಿನಾಂಕ ಈಚಿನದಿರಲಿ, ಸಹಿಯ ಕೆಳಗೆ ಹುದ್ದೆ ಮತ್ತು ಫೋನ್ ಸಂಖ್ಯೆ ಇರಲಿ, ಒಂದು ಸಂಸ್ಥೆಯ ಹೆಸರಿಗೆ ಬರೆದ ಪತ್ರ ಇನ್ನೊಂದು ಸಂಸ್ಥೆಗೆ ಹೋಗದಿರಲಿ. ಅಂಥ ತಿಳಿವಳಿಕೆಯುಳ್ಳವರಿಗೇ ಪತ್ರದ ಭಾಗವನ್ನೂ ಒಪ್ಪಿಸಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ನನ್ನ ನಂಬಿಕೆ.

ಎರಡನೆಯ ಬಾರಿ, ಬೇರೊಂದು ಸಂಸ್ಥೆಯ ಅರ್ಜಿಗಾಗಿ, ನಾನೇ ಕೇಳಿದೆ. ಈಗ ಆ ಸಂಸ್ಥೆಯಲ್ಲಿರುವ, ಮೊದಲು ನಮ್ಮಲ್ಲಿ ಕ್ಯಾಪ್ಟನ್ ಆಗಿದ್ದ ಒಬ್ಬರಿಗೆ ಫೋನ್ ಮಾಡಿ, ನನ್ನ ಬಗ್ಗೆ ಮನಸ್ಸಿಟ್ಟು ಬರೆಯಬಲ್ಲಿರಾದರೆ ಮಾತ್ರ ಬರೆಯಿರಿ, ಇಲ್ಲವೆಂದರೆ ನನಗೆ ಬೇಸರವಿಲ್ಲ ಎಂದೆ. ಈ ಒಂದು ಮಾತು ಬಹಳ ಮುಖ್ಯ, ಏಕೆಂದರೆ ಮುಲಾಜಿಗೆ ಬರೆದ ಪತ್ರ ಎರಡನೆಯ ಸಾಲಿನಲ್ಲೇ ಗೊತ್ತಾಗುತ್ತದೆ. ಆರು ವಾರಗಳ ಸಮಯ ಕೊಟ್ಟೆ. ಪತ್ರವನ್ನು ಬರೆದುಕೊಡುವ ಬದಲು ಅರ್ಧ ಪುಟದ ಒಂದು ನೆನಪಿನ ಚೀಟಿ ಕಳಿಸಿದೆ: ನಾವಿಬ್ಬರೂ ಜೊತೆಗೆ ಹಾರಿದ ತಿಂಗಳುಗಳು, ಊರುಗಳು, ಹವಾಮಾನ ಕೆಟ್ಟು ಬೇರೆ ವಿಮಾನ ನಿಲ್ದಾಣಕ್ಕೆ ಹೋದ ಒಂದು ದಿನ, ವಿಮಾನದಲ್ಲಿ ಪ್ರಯಾಣಿಕರೊಬ್ಬರಿಗೆ ಆರೋಗ್ಯ ತಪ್ಪಿದ ಇನ್ನೊಂದು ದಿನ. ಏನು ಬರೆಯಬೇಕೆಂದು ಹೇಳಲಿಲ್ಲ. ಅವರು ನಾನು ಚೀಟಿಯಲ್ಲಿ ಬರೆಯದೇ ಇದ್ದ ಮೂರನೆಯದೊಂದು ಸಂಗತಿಯನ್ನು ಆರಿಸಿಕೊಂಡರು. ಕ್ಯಾಬಿನ್ ಸಿಬ್ಬಂದಿಯೊಬ್ಬರು ಬಾಗಿಲಿನ ಸದ್ದಿನ ಬಗ್ಗೆ ಹಿಂಜರಿಯುತ್ತ ಹೇಳಿದಾಗ, ನಾನು ಎದ್ದು ಹೋಗಿ ಅವರೊಡನೆ ನಿಂತು ಕೇಳಿಸಿಕೊಂಡು ಬಂದೆನಂತೆ.

ಬೆಂಗಳೂರಿನಿಂದ ಕೆಲವು ವಿದ್ಯಾರ್ಥಿಗಳು, ಜಕ್ಕೂರಿನಲ್ಲೋ ವಿದೇಶದಲ್ಲೋ ತರಬೇತಿ ಮುಗಿಸಿ ಭಾರತದ ಸಂಸ್ಥೆಗಳಿಗೆ ಅರ್ಜಿ ಹಾಕುವವರು, ತಮಗೂ ಇಂಥ ಸೇವೆ ಬೇಕೇ ಎಂದು ಕೇಳುತ್ತಾರೆ. ಅಲ್ಲಿ ಹೊಸ ಪೈಲಟ್‌ಗಳ ಆಯ್ಕೆ ಹೆಚ್ಚಾಗಿ ಲಿಖಿತ ಪರೀಕ್ಷೆ, ಮನೋಸಾಮರ್ಥ್ಯದ ಪರೀಕ್ಷೆ, ಸಿಮ್ಯುಲೇಟರ್ ಮತ್ತು ಸಂದರ್ಶನದ ಮೇಲೆ ನಡೆಯುವುದರಿಂದ, ಪತ್ರಗಳಿಗಾಗಿ ಡಾಲರ್ ಖರ್ಚು ಮಾಡಬೇಡಿ ಎಂದೇ ನನ್ನ ಉತ್ತರ. ಆ ಹಣ ಸಿಮ್ಯುಲೇಟರಿನ ಅಭ್ಯಾಸಕ್ಕೆ ಹೋಗಲಿ. ತರಬೇತಿ ಶಾಲೆ ಬಿಡುವ ಮುಂಚೆ ನಿಮ್ಮ ಹಾರಾಟ ನೋಡಿದ ತರಬೇತುದಾರರ ಸಂಪರ್ಕವನ್ನು ಮಾತ್ರ ಉಳಿಸಿಕೊಳ್ಳಿ. ಮುಂದೆ ಬೇರೆ ದೇಶದ ಸಂಸ್ಥೆಗೆ ಅರ್ಜಿ ಹಾಕುವ ದಿನ ಬಂದರೆ ಅದು ಬೇಕಾಗುತ್ತದೆ.

ನಾನು ಎರಡೂ ಭಾಗಗಳಿಗೆ ಸೇರಿ ಕೊಟ್ಟದ್ದು 600 ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಪತ್ರಗಳ ಬಗ್ಗೆ ನನ್ನ ಅಸಮಾಧಾನವನ್ನು ವಿವರವಾಗಿ ಬರೆದು ತಿಳಿಸಿದಾಗ ಅವರು ಮರ್ಯಾದೆಯಿಂದಲೇ ಉತ್ತರಿಸಿದರು, ಹಣ ಮಾತ್ರ ಹಿಂದಿರುಗಿಸಲಿಲ್ಲ. ಈ ವರ್ಷ ನವೀಕರಣಕ್ಕೆ ರಿಯಾಯಿತಿ ಕೊಡುತ್ತೇವೆ ಎಂದು ಸಂದೇಶ ಬಂದಿದೆ. ಅರ್ಜಿ ಪರಿಶೀಲನೆಯನ್ನು ಮಾತ್ರ, ಅದೇ ನಿವೃತ್ತ ಪೈಲಟ್ ಅವರೇ ಮಾಡುವುದಾದರೆ, ತೆಗೆದುಕೊಳ್ಳುತ್ತೇನೆ ಎಂದು ಉತ್ತರ ಕಳಿಸಿದ್ದೇನೆ. ಚೆಕ್ ಏರ್‌ಮ್ಯಾನ್ ಅವರನ್ನು ಮುಂದಿನ ತಿಂಗಳ ಲೈನ್ ಚೆಕ್ (ನಿತ್ಯದ ಹಾರಾಟದಲ್ಲೇ ನಡೆಯುವ ಪರೀಕ್ಷೆ) ಮುಗಿದ ಮೇಲೆ ಮತ್ತೊಮ್ಮೆ ಕೇಳುವುದಿದೆ.